ಮಕ್ಕಳ ಹೆಜ್ಜೆಯಳತೆಯಲ್ಲಿ ಸಿಂಗಪುರ

ಮೈಸೂರಿನ ದಕ್ಷಿಣಕ್ಕೆ, ಮಾನಂದವಾಡಿ ರಸ್ತೆಯ ಮಗ್ಗುಲಲ್ಲಿ ಹಬ್ಬಿಕೊಂಡಿರುವ ಶ್ರೀರಾಂಪುರದ ನಮ್ಮ ಮನೆಯಲ್ಲಿ, ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ, ಸೀಸದ ಕಡ್ಡಿಯಿಂದ ಎಳೆದ ಕೆಲವು ಗೀರುಗಳುಂಟು. ಪ್ರತಿ ಯುಗಾದಿಯಂದು ಎಣ್ಣೆನೀರಾಗಿ ಬೇವುಬೆಲ್ಲ ತಿಂದ ಮೇಲೆ ಮೊಮ್ಮಕ್ಕಳಿಬ್ಬರನ್ನೂ ಅಲ್ಲಿ ನೆಟ್ಟಗೆ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವೊಂದನ್ನು ಒರಗಿಸಿ, ಎತ್ತರವನ್ನು ಗುರುತುಮಾಡಿ, ಪಕ್ಕದಲ್ಲಿ ಸಂವತ್ಸರದ ಹೆಸರನ್ನು ಬರೆಯುವುದು ನಮ್ಮಲ್ಲಿ ನಡೆದುಬಂದ ರೂಢಿ. ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಎರಡೂವರೆ. ಈ ಗೀರುಗಳು ಮುಂದೊಂದು ದಿನ ಸಮುದ್ರದಾಚೆಯ ಪ್ರಯಾಣಕ್ಕೆ ಪಾಸ್‌ಪೋರ್ಟಿನಷ್ಟೇ ಅವಶ್ಯವಾದ ಲೆಕ್ಕಗಳಾದಾವು ಎಂದು ನಾನು ಭಾವಿಸಿರಲಿಲ್ಲ. ಹಾಗಾಯಿತು, ಹೇಗಾಯಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುವೆನು, ಏಕೆಂದರೆ ಎಳೆಯ ಮಕ್ಕಳನ್ನು ಕರೆದುಕೊಂಡು ಪರದೇಶದ ಪಟ್ಟಣವೊಂದನ್ನು ನೋಡಿಬರಬೇಕೆಂಬ ಆಸೆ ಈಗ ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಹುಟ್ಟಿದೆ, ಆಸೆಯ ಹಿಂದೆಯೇ ಹುಟ್ಟುವ ದಿಗಿಲಿಗೆ ಸಮಾಧಾನ ಹೇಳುವವರು ಮಾತ್ರ ಕಡಿಮೆ.

ಈ ಪ್ರಯಾಣದ ಮೂಲ ನಮ್ಮ ಮೃಗಾಲಯದಲ್ಲಿದೆ. 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾಗಿ, ಅವರ ಹೆಸರನ್ನೇ ಹೊತ್ತಿರುವ ಆ ಉದ್ಯಾನದಲ್ಲಿ ಮೈಸೂರಿನ ಎಷ್ಟು ತಲೆಮಾರಿನ ಮಕ್ಕಳು ಆನೆಯನ್ನೂ ಜಿರಾಫೆಯನ್ನೂ ಮೊದಲು ಕಂಡು ಬೆರಗಾಗಿದ್ದಾರೆಂಬುದನ್ನು ಎಣಿಸುವುದು ಕಷ್ಟ. 2021ರಲ್ಲಿ ಅಲ್ಲಿಗೆ ಜರ್ಮನಿಯಿಂದ ಗೊರಿಲ್ಲಾಗಳೂ, ಸಿಂಗಪುರ ಮತ್ತು ಮಲೇಷ್ಯಗಳಿಂದ ಒರಾಂಗುಟಾನ್‌ಗಳೂ ಬಂದು ಸೇರಿದವು. ಕೆಂಗೂದಲಿನ ಆ ಗಂಭೀರ ಜೀವಿಯ ಎದುರು ಮೊಮ್ಮಗಳು ಒಂದು ದಿನ ಬಹಳ ಹೊತ್ತು ನಿಂತಿದ್ದು, ಕಡೆಗೆ, "ತಾತ, ಇದರ ಊರು ಯಾವುದು?" ಎಂದು ಕೇಳಿದಳು. "ಸಿಂಗಪುರದಿಂದ ಬಂದದ್ದಂತೆ ಕಣಮ್ಮ" ಎಂದೆ. "ನಮ್ಮ ಶ್ರೀರಾಂಪುರದ ಹಾಗೇನಾ?" ಎಂದಳು. ಮಗು ಅರಿಯದೆ ಆಡಿದ ಮಾತಾದರೂ ಅದರಲ್ಲಿ ತಪ್ಪೇನೂ ಇರಲಿಲ್ಲ. ಸಿಂಗಪುರವೆಂಬುದು ನಮ್ಮ ಸಂಸ್ಕೃತದ ಸಿಂಹಪುರವೇ ಅಲ್ಲವೆ? ಒರಾಂಗುಟಾನಿನ ನಿಜವಾದ ತವರು ಬೋರ್ನಿಯೊ ಮತ್ತು ಸುಮಾತ್ರಾ ದ್ವೀಪಗಳ ಅರಣ್ಯವೆಂದೂ, ಮಲಯ ಭಾಷೆಯಲ್ಲಿ ಆ ಹೆಸರಿಗೆ ಕಾಡಿನ ಮನುಷ್ಯನೆಂದು ಅರ್ಥವೆಂದೂ ಮನೆಗೆ ಬಂದ ಮೇಲೆ ಭೂಪಟವನ್ನು ಹರಡಿ ತಿಳಿಸಿದೆನು. ಅವಳಿಗೆ ಅದೆಲ್ಲ ಬೇಕಿರಲಿಲ್ಲ. "ಅಲ್ಲಿ ಇದರ ಕಡೆಯವರು ಇದಾರಾ? ನಾವು ಹೋಗಿ ನೋಡ್ಬೋದಾ?" ಎಂಬುದೊಂದೇ ಅವಳ ಪ್ರಶ್ನೆ.

ಮಗನೂ ಸೊಸೆಯೂ ಆಗ ಎಲ್ಲಿಗಾದರೂ ಹೋಗಬೇಕೆಂದು ಯೋಚಿಸುತ್ತಿದ್ದರು. ಲಂಡನ್ ಎಂದೊಮ್ಮೆ, ದುಬೈ ಎಂದೊಮ್ಮೆ ಮಾತು ನಡೆಯುತ್ತಿತ್ತು. ಮಕ್ಕಳೊಡನೆ ಹೋಗುವವರು ಊರನ್ನು ಆರಿಸುವಾಗ ಊರಿನ ಕೀರ್ತಿಯನ್ನಲ್ಲ, ಆ ಊರಿಗೂ ಮಗುವಿನ ಮನಸ್ಸಿಗೂ ಈಗಾಗಲೇ ಇರುವ ಎಳೆಯೊಂದನ್ನು ಹುಡುಕಬೇಕೆಂಬುದು ನನಗೆ ತೋರಿದ್ದು ಆಗಲೇ. ಎಳೆ ಎಷ್ಟೇ ತೆಳುವಾಗಿರಲಿ, ಅದನ್ನು ಹಿಡಿದುಕೊಂಡು ಹೋದ ಮಗು ತಾನೂ ಪ್ರಯಾಣಿಕನಾಗುತ್ತದೆ. ಎಳೆಯಿಲ್ಲದೆ ಹೋದ ಮಗು ಹಿರಿಯರ ಸಾಮಾನಿನೊಡನೆ ಸಾಗುವ ಇನ್ನೊಂದು ಸಾಮಾನಾಗುತ್ತದೆ. ಇದರ ಮೇಲೆ ದೇಹಧರ್ಮದ ವಿಚಾರವುಂಟು. ಲಂಡನ್ನಿಗೆ ನೇರ ವಿಮಾನದಲ್ಲಿಯೂ ಹತ್ತು ಗಂಟೆ ಮೀರಿದ ಪ್ರಯಾಣ. ಸಿಂಗಪುರಕ್ಕೆ ಬೆಂಗಳೂರಿನಿಂದ ನಾಲ್ಕೂವರೆ ಗಂಟೆ. ದುಬೈಯೂ ದೂರವಲ್ಲ, ಆದರೆ ನಮ್ಮ ಶಾಲೆಗಳ ಬೇಸಿಗೆ ರಜೆಯ ಕಾಲದಲ್ಲಿ ಅಲ್ಲಿನ ಬಿಸಿಲು ಎಳೆಯ ಮಕ್ಕಳಿಗೆ ಹೇಳಿದ್ದಲ್ಲ. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮಾತ್ರ ಮುಂದು. ನಲ್ಲಿಯ ನೀರನ್ನು ಹಾಗೆಯೇ ಕುಡಿಯಬಹುದು. ಸೆರಂಗೂನ್ ರಸ್ತೆಯ ಸುತ್ತಿನ ಲಿಟ್ಲ್ ಇಂಡಿಯಾದಲ್ಲಿ ಇಡ್ಲಿ, ಮೊಸರನ್ನ ದೊರೆಯುತ್ತವೆ. ಇಷ್ಟಾದ ಮೇಲೆ ಬೇರೆ ಊರಿನ ಮಾತು ನಿಂತಿತು.

ಸಮುದ್ರೋಲ್ಲಂಘನ ದೋಷವೆಂದು ತಿಳಿದಿದ್ದ ಸಮಾಜ ನಮ್ಮದು. ನಾಲ್ವಡಿ ಕೃಷ್ಣರಾಜ ಒಡೆಯರು ಯೂರೋಪಿಗೆ ಹೋಗಿಬಂದದ್ದು 1936ರಲ್ಲಿ, ಪಟ್ಟವೇರಿ ದಶಕಗಳು ಕಳೆದ ಮೇಲೆ. ನಮ್ಮ ಸಾಹಿತ್ಯದಲ್ಲಿ ಪ್ರವಾಸಕಥನಗಳಿಗೆ ಕೊರತೆಯಿಲ್ಲ: ವಿದ್ಯಾರ್ಥಿಯಾಗಿ ಹೋದ ಗೋಕಾಕರ 'ಸಮುದ್ರದಾಚೆಯಿಂದ', ಕಾರಂತರ 'ಅಪೂರ್ವ ಪಶ್ಚಿಮ', ಇಳಿವಯಸ್ಸಿನಲ್ಲಿ ಹೋದ ಗೊರೂರರ 'ಅಮೆರಿಕದಲ್ಲಿ ಗೊರೂರು'. ಇವನ್ನು ನಾನು ಪ್ರೀತಿಯಿಂದ ಓದಿದವನು. ಆದರೆ ಮಧ್ಯಾಹ್ನ ಒಂದು ಗಂಟೆಗೆ ನಿದ್ದೆಗಾಗಿ ಅಳುವ ಎರಡೂವರೆ ವರ್ಷದ ಮಗುವನ್ನು ಹೆಗಲಿಗೇರಿಸಿಕೊಂಡು ಪರದೇಶದ ಬೀದಿಯಲ್ಲಿ ನಿಂತವನಿಗೆ ಬೇಕಾದ ಮಾತು ಅವುಗಳಲ್ಲಿ ದೊರೆಯಲಾರದು. ಅವು ಆ ಉದ್ದೇಶಕ್ಕೆ ಬರೆದವೂ ಅಲ್ಲ.

ಮೊದಲ ಕೆಲಸ ಪಾಸ್‌ಪೋರ್ಟು. ಈ ವಿಷಯದಲ್ಲಿ ಮೈಸೂರಿಗೆ ಒಂದು ಹಿರಿಮೆಯುಂಟು: ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟ್ ಸೇವಾಕೇಂದ್ರವನ್ನು ತೆರೆಯುವ ಪ್ರಯೋಗ ಇಡೀ ದೇಶದಲ್ಲಿ ಮೊದಲು ನಡೆದದ್ದು 2017ರ ಜನವರಿಯಲ್ಲಿ, ನಮ್ಮ ಮೈಸೂರಿನಲ್ಲಿಯೂ ಗುಜರಾತಿನ ದಾಹೋದಿನಲ್ಲಿಯೂ. ಹಸುಗೂಸಿಗೂ ಪ್ರತ್ಯೇಕ ಪಾಸ್‌ಪೋರ್ಟು ಬೇಕು. ಅದರ ಅವಧಿ ಐದು ವರ್ಷ. ಶುಲ್ಕ 1,000 ರೂಪಾಯಿ, ಎಂಟು ವರ್ಷದೊಳಗಿನವರಿಗೆ ಅದರಲ್ಲಿ ನೂರಕ್ಕೆ ಹತ್ತು ಕಡಿಮೆ. ತಂದೆತಾಯಿಗಳಿಬ್ಬರೂ ಅನುಬಂಧ ಡಿ ಎಂಬ ಹೇಳಿಕೆಗೆ ಸಹಿಮಾಡಬೇಕು. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರದ ಹೊರತು ಬೇರೆ ಯಾವ ಕಾಗದವೂ ಜನ್ಮದಿನಾಂಕಕ್ಕೆ ಪುರಾವೆಯಾಗದು. ನಾಲ್ಕು ವರ್ಷದೊಳಗಿನ ಮಗುವಿನ ಭಾವಚಿತ್ರವನ್ನು ಬಿಳಿಯ ಹಿನ್ನೆಲೆಯಲ್ಲಿ ತೆಗೆಸಿ ನಾವೇ ಒಯ್ಯಬೇಕು. ಸ್ಟುಡಿಯೋದಲ್ಲಿ ಚಿಕ್ಕವನ ಕೆನ್ನೆಯ ದೃಷ್ಟಿಬೊಟ್ಟನ್ನು ಒರೆಸಬೇಕಾಗಿ ಬಂದಾಗ ಅವನ ಅಜ್ಜಿ ಪಟ್ಟ ಕಳವಳವನ್ನು ನಾನು ಮರೆಯಲಾರೆ. ಚಿತ್ರ ತೆಗೆದು ಮುಗಿದುದೇ ತಡ, ಕೈಚೀಲದಿಂದ ಕಾಡಿಗೆಯ ಡಬ್ಬಿ ಹೊರಬಂದು ಬೊಟ್ಟು ಪುನಃ ತನ್ನ ಸ್ಥಾನವನ್ನು ಸೇರಿತು.

ಆದರೆ ನಮ್ಮ ಕಡೆಯವರನ್ನು ನಿಜವಾಗಿ ಕಾಡುವುದು ಶುಲ್ಕವೂ ಅಲ್ಲ, ಸರತಿಯೂ ಅಲ್ಲ, ಹೆಸರು. ಹಳೆಯ ಮೈಸೂರಿನ ನಮಗೆ ಮನೆತನದ ಹೆಸರೆಂಬುದು ಬಹುಮಟ್ಟಿಗೆ ಇಲ್ಲ. ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಅವೆರಡರ ಬಾಲದಲ್ಲಿ ನಮ್ಮ ಹೆಸರು. ಪಾಸ್‌ಪೋರ್ಟಿನ ಅರ್ಜಿಯು ಈ ಮೊದಲಕ್ಷರಗಳನ್ನು ಒಪ್ಪುವುದಿಲ್ಲ; ಅವನ್ನು ಬಿಡಿಸಿ ಪೂರ್ಣವಾಗಿ ಬರೆಯಬೇಕು, ಅಥವಾ ಬಿಡಬೇಕು. ತಂದೆಯ ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಮಗುವಿನ ಜನನಪತ್ರದಲ್ಲಿ ಇನ್ನೊಂದು ಬಗೆ, ಆಧಾರ್ ಚೀಟಿಯಲ್ಲಿ ಮೂರನೆಯ ಬಗೆ, ತಾಯಿಯ ಹೆಸರು ಒಂದು ಕಡೆ ತವರಿನದು ಮತ್ತೊಂದು ಕಡೆ ಮದುವೆಯ ನಂತರದ್ದು, ಹೀಗಾದರೆ ತೊಡಕು ತಪ್ಪಿದ್ದಲ್ಲ. ಮಗುವಿಗೆ ಒಂದೇ ಹೆಸರಿಟ್ಟು ಮನೆತನದ ಹೆಸರಿನ ಜಾಗವನ್ನು ಬರಿದು ಬಿಟ್ಟವರು, ಕೆಲವು ದೇಶಗಳು ಒಂಟಿಹೆಸರಿನವರನ್ನು ಸುಲಭವಾಗಿ ಒಳಬಿಡವೆಂಬುದನ್ನು ತಿಳಿದಿರಬೇಕು. ಸಂಯುಕ್ತ ಅರಬ್ ಸಂಸ್ಥಾನವು 2022ರಲ್ಲಿ ಇಂತಹ ನಿಯಮವನ್ನು ಹೊರಡಿಸಿದಾಗ ದಕ್ಷಿಣದ ಎಷ್ಟೋ ಕುಟುಂಬಗಳು ಪೇಚಿಗೆ ಸಿಲುಕಿದವು. ಆದುದರಿಂದ ಕೂಸಿಗೆ ನಾಮಕರಣ ಮಾಡಿ ಜನನಪತ್ರಕ್ಕೆ ಹೆಸರು ಸೇರಿಸುವ ದಿನವೇ, ಇದು ಮುಂದೆ ಎಲ್ಲ ಕಾಗದಗಳಲ್ಲಿಯೂ ಒಂದೇ ತೆರನಾಗಿ ನಿಲ್ಲಬೇಕೆಂಬ ಎಚ್ಚರ ಇರುವುದು ಒಳ್ಳೆಯದು.

ವೀಸಾ ಅಷ್ಟು ತೊಡಕಿನದಲ್ಲ. ಸಿಂಗಪುರಕ್ಕೆ ಭಾರತೀಯರು ಮಾನ್ಯತೆ ಪಡೆದ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಅಲ್ಲಿನ ಸರ್ಕಾರದ ಶುಲ್ಕ 30 ಸಿಂಗಪುರ ಡಾಲರು, ಮಗುವಿಗೂ ಪ್ರತ್ಯೇಕ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಐದೇ ವರ್ಷ ಬಾಳುವ ಮಕ್ಕಳ ಪಾಸ್‌ಪೋರ್ಟಿನಲ್ಲಿ ಇದನ್ನು ಮರೆಯುವವರು ಬಹಳ. ಅಲ್ಲಿಗೆ ತಲಪುವ ಮುನ್ನಿನ ಮೂರು ದಿನಗಳೊಳಗೆ ಪ್ರತಿಯೊಬ್ಬರ ಹೆಸರಿನಲ್ಲಿಯೂ ಆಗಮನಪತ್ರವನ್ನು ಕಂಪ್ಯೂಟರಿನಲ್ಲಿ ತುಂಬಬೇಕು. ಸರ್ಕಾರ ಅದಕ್ಕೆ ಕಾಸು ಕೇಳುವುದಿಲ್ಲ, ಕೇಳುವವರಿದ್ದರೆ ಅವರು ಸರ್ಕಾರದವರಲ್ಲ.

ಇನ್ನು ದಿನಚರಿಯ ವಿಷಯಕ್ಕೆ ಬರುತ್ತೇನೆ. ಪ್ರವಾಸ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ಪ್ರವಾಸ ಸಂಸ್ಥೆಯೊಂದು ನಮಗೆ ಕೊಟ್ಟ ಪಟ್ಟಿಯಲ್ಲಿ ಐದು ದಿನಕ್ಕೆ ಹದಿನಾಲ್ಕು ಸ್ಥಳಗಳಿದ್ದವು. ಬೆಳಗಿನ ಎಂಟರಿಂದ ರಾತ್ರಿಯ ಹತ್ತರವರೆಗೆ ಬಸ್ಸು ಕಾಯುತ್ತಿತ್ತು. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಾನೂ ಮಗನೂ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಲಿಂಗಾಂಬುಧಿ ಕೆರೆಗೆ ಹೋದೆವು. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಆ ಕೆರೆಯ ದಂಡೆ ನಮ್ಮ ಬಡಾವಣೆಯವರಿಗೆ ಬೆಳಗಿನ ವಿಹಾರದ ದಾರಿ. ಗಡಿಯಾರ ನೋಡಿಕೊಂಡು ನಡೆದೆವು. ಮೊಮ್ಮಗಳು ನಲವತ್ತು ನಿಮಿಷ ಉತ್ಸಾಹದಿಂದ ನಡೆದಳು, ಆಮೇಲೆ ಹತ್ತು ನಿಮಿಷ ಮಾತಿಲ್ಲದೆ ನಡೆದಳು, ಆಮೇಲೆ ಕೂತಳು. ಚಿಕ್ಕವನು ಕಾಲುಗಂಟೆಯಲ್ಲಿ ಮುನ್ನೂರು ಹೆಜ್ಜೆ ಹೋಗಿ, ಇರುವೆಯ ಸಾಲೊಂದನ್ನು ಕಂಡು, ಇನ್ನು ಮುಂದೆ ಬರಲೊಲ್ಲೆನೆಂದು ಅಲ್ಲಿಯೇ ನೆಲಸಿಬಿಟ್ಟನು. ಮನೆಗೆ ಬಂದು ಹದಿನಾಲ್ಕರಲ್ಲಿ ಒಂಬತ್ತನ್ನು ಹೊಡೆದುಹಾಕಿದೆವು. ಬೆಳಿಗ್ಗೆ ಒಂದು ಸ್ಥಳ; ಮಧ್ಯಾಹ್ನ ಕೋಣೆಗೆ ಮರಳಿ ಊಟ, ನಿದ್ದೆ; ಸಂಜೆ ಮನಸ್ಸಿದ್ದರೆ ಹತ್ತಿರದಲ್ಲಿ ಎಲ್ಲಿಯಾದರೂ ಗಾಳಿಗೆ; ಇಷ್ಟೇ ನಮ್ಮ ಕ್ರಮವಾಯಿತು. ಇದರಿಂದ ತಂಗುವ ಜಾಗದ ಪ್ರಶ್ನೆಯೂ ತಾನಾಗಿ ತೀರಿತು: ಮಧ್ಯಾಹ್ನ ಮರಳಬೇಕಾದವನಿಗೆ ನಿಲ್ದಾಣದ ಸಮೀಪದ ಸಣ್ಣ ಕೋಣೆಯೇ ದೂರದ ಭವ್ಯವಾದ ಕೋಣೆಗಿಂತ ಮೇಲು. ಖಾಸಗಿ ಮನೆಯೊಂದನ್ನು ಐದು ದಿನಕ್ಕೆ ಬಾಡಿಗೆ ಹಿಡಿಯೋಣವೆಂದರೆ ಅಲ್ಲಿ ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಹಾಗೆ ಕೊಡುವುದು ಕಾನೂನಿಗೆ ವಿರುದ್ಧ, ಹೋಟೆಲೇ ಗತಿ. ಕೋಣೆಯನ್ನು ಗೊತ್ತುಮಾಡುವಾಗ ಮಕ್ಕಳ ವಯಸ್ಸನ್ನು ಮುಚ್ಚದೆ ತಿಳಿಸಬೇಕು. ರಾತ್ರಿಯ ಹೊತ್ತು ಬಾಗಿಲಲ್ಲಿ ನಿಂತು, ಇಷ್ಟು ಜನಕ್ಕೆ ಇದು ಆಗದೆಂಬ ಮಾತನ್ನು ಕೇಳುವ ಕಷ್ಟ ಯಾರಿಗೂ ಬೇಡ.

ವಿಮಾನದ ವೇಳೆಯನ್ನು ಆರಿಸುವುದರಲ್ಲಿಯೂ ಮಗುವಿನ ನಿದ್ದೆಯೇ ಪ್ರಮಾಣ. ನಮ್ಮ ಮಂಡಕಳ್ಳಿಯ ನಿಲ್ದಾಣ ಮನೆಯಿಂದ ಕೂಗಳತೆಯಲ್ಲಿದ್ದರೂ ಅಲ್ಲಿಂದ ಪರದೇಶಕ್ಕೆ ವಿಮಾನವಿಲ್ಲ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಇಲ್ಲಿಂದ ಸುಮಾರು 180 ಕಿಲೋಮೀಟರು. ಮೈಸೂರಿನಿಂದ ನೇರವಾಗಿ ಅಲ್ಲಿಗೇ ಹೋಗುವ ಫ್ಲೈ ಬಸ್ಸು ಹಿರಿಯರಿಗೆ ಬಹಳ ಅನುಕೂಲ. ಆದರೆ ಬಸ್ಸಿನ ನಾಲ್ಕೈದು ಗಂಟೆ, ಮೂರು ಗಂಟೆ ಮುಂಚಿತವಾಗಿ ನಿಲ್ದಾಣದಲ್ಲಿ ಕಾಯುವುದು, ಆಮೇಲೆ ವಿಮಾನದ ನಾಲ್ಕೂವರೆ ಗಂಟೆ, ಇವನ್ನು ಒಂದೇ ಎಳೆತದಲ್ಲಿ ಕೂಸಿನ ಮೇಲೆ ಹೇರುವುದು ನನಗೆ ಸರಿಕಾಣಲಿಲ್ಲ. ಹಿಂದಿನ ದಿನವೇ ಹೊರಟು ಬೆಂಗಳೂರಿನ ನೆಂಟರ ಮನೆಯಲ್ಲಿ ರಾತ್ರಿ ಕಳೆದೆವು. ನಡುರಾತ್ರಿ ಹೊರಟು ಬೆಳಗಿನ ಜಾವ ಇಳಿಸುವ ವಿಮಾನ ಅಗ್ಗವೆಂದು ಕಂಡರೂ, ಹೋಟೆಲಿನವರು ಮಧ್ಯಾಹ್ನ ಎರಡು ಮೂರು ಗಂಟೆಯವರೆಗೆ ಕೋಣೆ ಕೊಡರು. ನಿದ್ದೆಗೆಟ್ಟ ಮಕ್ಕಳನ್ನು ಅಷ್ಟು ಹೊತ್ತು ಎಲ್ಲಿ ಮಲಗಿಸುವುದು? ಎರಡು ವರ್ಷ ತುಂಬದ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಬಹುದು, ಅದಕ್ಕೆ ಅಲ್ಪ ದರ. ತುಂಬಿದೊಡನೆ ಪ್ರತ್ಯೇಕ ಆಸನ ಬೇಕು. ಪ್ರವಾಸದ ನಡುವೆ ಎರಡನೆಯ ಹುಟ್ಟುಹಬ್ಬ ಬರುವ ಮಗುವಿಗೆ ಮರಳುವಾಗ ಆಸನ ಬೇಕಾಗುತ್ತದೆಂಬುದು ಹಲವರಿಗೆ ಹೊಳೆಯುವುದಿಲ್ಲ. ಏರುವಾಗಲೂ ಇಳಿಯುವಾಗಲೂ ಗಾಳಿಯ ಒತ್ತಡ ಬದಲಾಗಿ ಕಿವಿ ನೋಯುವುದರಿಂದ, ಆ ಹೊತ್ತಿಗೆ ಎದೆಹಾಲೋ ಬಾಟಲಿಯೋ ನೀರಿನ ಗುಟುಕೋ ಬಾಯಲ್ಲಿರುವಂತೆ ನೋಡಿಕೊಂಡರೆ ನುಂಗುವ ಕ್ರಿಯೆಯಿಂದಲೇ ಕಿವಿ ಸಡಿಲವಾಗುತ್ತದೆ. ನಿದ್ದೆ ಬರಿಸುವ ಔಷಧಿಯನ್ನು ಕುಡಿಸಿ ಮಕ್ಕಳನ್ನು ಮಲಗಿಸುವ ಆಲೋಚನೆಯನ್ನು ಕೆಲವರು ಹೇಳಿದರು. ವೈದ್ಯರ ಮಾತಿಲ್ಲದೆ ಅಂತಹದಕ್ಕೆ ಕೈಹಾಕಬಾರದು. ಅಲ್ಲದೆ ನಿದ್ರೆಯ ಮಾತ್ರೆಗಳನ್ನೂ ಕೋಡೀನ್ ಕೂಡಿದ ಕೆಮ್ಮಿನ ಔಷಧಿಗಳನ್ನೂ ಸಿಂಗಪುರದೊಳಕ್ಕೆ ಒಯ್ಯಲು ಪೂರ್ವಾನುಮತಿ ಬೇಕು.

ಒಯ್ಯುವ ವಸ್ತುಗಳೆಂದರೆ ನಮ್ಮ ಹೆಂಗಸರ ಕಾಳಜಿಯೆಲ್ಲ ಆಹಾರದ ಮೇಲೆ. ಹುರಿದ ರಾಗಿಯ ಹಿಟ್ಟು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ತೆಳ್ಳನೆಯ ಅವಲಕ್ಕಿ, ಇವು ಇದ್ದರೆ ಕೋಣೆಯ ಬಿಸಿನೀರಿನ ಕೆಟಲಿನಿಂದಲೇ ಒಂದು ಹೊತ್ತು ನಡೆಯುತ್ತದೆ. ಪರದೇಶದ ಹಸಿವಿನಲ್ಲಿ ಪರಿಚಿತವಾದ ಒಂದು ತುತ್ತು ಮಗುವಿನ ಅಳುವನ್ನು ನಿಲ್ಲಿಸುವಂತೆ ಬೇರೊಂದು ನಿಲ್ಲಿಸಲಾರದು. ಆದರೆ ಎರಡು ಪದಾರ್ಥಗಳ ವಿಷಯದಲ್ಲಿ ನಮ್ಮವರು ವಿಶೇಷವಾಗಿ ಎಚ್ಚರವಹಿಸಬೇಕು. ಒಂದು ಗಸಗಸೆ: ಪಾಯಸಕ್ಕೆಂದು ನಾವು ಡಬ್ಬಿಯಲ್ಲಿಟ್ಟುಕೊಳ್ಳುವ ಆ ನಿರಪರಾಧಿಯಾದ ಕಾಳು ಅಫೀಮಿನ ಗಿಡದ ಬೀಜವಾದುದರಿಂದ ಸಿಂಗಪುರದಲ್ಲಿಯೂ ಅರಬ್ ಸಂಸ್ಥಾನದಲ್ಲಿಯೂ ನಿಷಿದ್ಧ. ಅಲ್ಲಿನ ಮಾದಕವಸ್ತುವಿನ ಕಾನೂನು ಎಷ್ಟು ಕಠಿಣವೆಂಬುದನ್ನು ಬಲ್ಲವರು, ಲಾಡಿನಲ್ಲಿ ಬೆರೆತ ಚಿಟಿಕೆಯನ್ನೂ ಮನೆಯಲ್ಲಿಯೇ ಬಿಟ್ಟು ಹೊರಡಬೇಕು. ಇನ್ನೊಂದು ಒಣಕೊಬ್ಬರಿಯ ಗಿಟುಕು: ಅದರ ಎಣ್ಣೆಯಂಶ ಬೆಂಕಿಗೆ ಆಸ್ಪದವೆಂದು ವಿಮಾನದ ಸಾಮಾನಿನಲ್ಲಿ ಬಿಡುವುದಿಲ್ಲ. ಚೂಯಿಂಗ್ ಗಮ್ ತರಬಾರದೆಂಬ ನಿಯಮ 1992ರಿಂದ ಇದೆ. ಡೈಪರಿನ ಕಟ್ಟುಗಳಿಂದ ಪೆಟ್ಟಿಗೆಯನ್ನು ತುಂಬಬೇಕಾಗಿಲ್ಲ; ಎರಡು ದಿನಕ್ಕಾಗುವಷ್ಟು ಸಾಕು, ಮಿಕ್ಕದ್ದು ಅಲ್ಲಿನ ಯಾವ ಬೀದಿಯಲ್ಲಿಯೂ ದೊರೆಯುತ್ತದೆ.

ಮಗುವನ್ನು ಕೂರಿಸಿ ತಳ್ಳುವ, ಈಗ ಸ್ಟ್ರೋಲರ್ ಎಂದು ಕರೆಯುವ ಬಂಡಿ ನಮ್ಮಲ್ಲಿ ಅಲಂಕಾರಕ್ಕೆ ಮಾತ್ರ. ಶ್ರೀರಾಂಪುರದ ಪಾದಚಾರಿ ಹಾದಿಯಲ್ಲಿ ಅದನ್ನು ಹತ್ತು ಮಾರು ತಳ್ಳುವುದರೊಳಗೆ ಒಂದು ಕಲ್ಲುಚಪ್ಪಡಿಯೋ ಒಂದು ಸ್ಕೂಟರೋ ಅಡ್ಡವಾಗುತ್ತದೆ. ಆದುದರಿಂದ ಅದನ್ನು ಒಯ್ಯುವುದು ವ್ಯರ್ಥವೆಂದು ನಾನು ವಾದಿಸಿದ್ದೆ. ಸೊಸೆ ಒಯ್ದಳು, ಅವಳೇ ಸರಿ. ಸಿಂಗಪುರದ ಪ್ರತಿಯೊಂದು ಮೆಟ್ರೋ ನಿಲ್ದಾಣದಲ್ಲಿಯೂ ಲಿಫ್ಟು, ಹಾದಿಯೆಲ್ಲ ಸಮತಟ್ಟು, ಬಂಡಿಯನ್ನು ಮಡಿಸದೆಯೇ ಬಸ್ಸಿಗೂ ಏರಬಹುದು. ಮಗು ಎಲ್ಲಿ ನಿದ್ದೆಹೋದರೂ ಅದೇ ತೊಟ್ಟಿಲು. ಒಂದು ಊರು ತನ್ನ ಮಕ್ಕಳನ್ನೂ ಮುದುಕರನ್ನೂ ಎಷ್ಟು ನೆನೆದು ಕಟ್ಟಿದೆಯೆಂಬುದನ್ನು ಅದರ ಕಾಲುಹಾದಿಯಲ್ಲಿ ನಾನು ಕಂಡೆ. ನಮ್ಮ ಊರಿನ ಹಾದಿಗಳನ್ನು ನೆನೆದು ಮನಸ್ಸಿಗೆ ನೋವಾಯಿತೆಂಬುದನ್ನೂ ಮುಚ್ಚುವುದಿಲ್ಲ.

ಬಾಗಿಲ ಚೌಕಟ್ಟಿನ ಗೀರುಗಳು ಉಪಯೋಗಕ್ಕೆ ಬಂದದ್ದು ಈ ಸಂದರ್ಭದಲ್ಲಿ. ಆ ಮೆಟ್ರೋದಲ್ಲಿ 90 ಸೆಂಟಿಮೀಟರಿಗಿಂತ ಗಿಡ್ಡಗಿರುವ ಮಗು ಹಿರಿಯರೊಡನೆ ಚೀಟಿಯಿಲ್ಲದೆ ಹೋಗುತ್ತದೆ. ಅದಕ್ಕಿಂತ ಎತ್ತರವಾಗಿದ್ದೂ ಏಳು ವರ್ಷ ತುಂಬದ ಮಗುವಿಗೆ ಉಚಿತ ಪ್ರಯಾಣದ ಪ್ರತ್ಯೇಕ ಕಾರ್ಡು. ಮೊಬೈಲಿನಲ್ಲಿ ಕರೆಸುವ ಬಾಡಿಗೆ ಕಾರಿನಲ್ಲಿ 1.35 ಮೀಟರಿಗಿಂತ ಕಡಿಮೆ ಎತ್ತರದವರಿಗೆ ಮಕ್ಕಳ ಆಸನ ಕಡ್ಡಾಯ. ಬೀದಿಯಲ್ಲಿ ಕೈಯೆತ್ತಿ ನಿಲ್ಲಿಸುವ ಟ್ಯಾಕ್ಸಿಗೆ ಮಾತ್ರ ವಿನಾಯಿತಿ. ವಿನೋದೋದ್ಯಾನಗಳ ತಿರುಗುಯಂತ್ರಗಳಿಗೆ ಒಂದೊಂದಕ್ಕೆ ಒಂದೊಂದು ಎತ್ತರದ ಕಟ್ಟಳೆ. ದುಬಾರಿಯ ಟಿಕೆಟು ಕೊಂಡು ಒಳಹೊಕ್ಕ ಮೇಲೆ, ಅಳತೆಯ ಕಂಬದ ಪಕ್ಕದಲ್ಲಿ ಮಗುವನ್ನು ನಿಲ್ಲಿಸಿ 'ನೀನು ಸಾಲದು' ಎಂದು ಹಿಂದಕ್ಕೆ ಕಳುಹಿಸಿದರೆ ಅದರ ಮುಖ ಬಾಡುವುದನ್ನು ನೋಡಬೇಕಾದೀತು. ಮನೆಯಲ್ಲಿಯೇ ಅಳೆದು ನೋಡಿದ್ದರಿಂದ ನಾವು ಆ ಕಡೆಗೇ ಹೋಗಲಿಲ್ಲ.

ನಿಯಮಗಳ ವಿಷಯದಲ್ಲಿ ಇನ್ನೊಂದು. ಮೈಸೂರಿನಿಂದ ಬೆಂಗಳೂರಿಗೆ ರೈಲು ಹತ್ತಿದರೆ ಶ್ರೀರಂಗಪಟ್ಟಣ ದಾಟುವುದರೊಳಗೆ ಡಬ್ಬಿಗಳು ತೆರೆದುಕೊಳ್ಳುವುದು ನಮ್ಮ ಅಭ್ಯಾಸ. ಸಿಂಗಪುರದ ರೈಲಿನಲ್ಲಿ ತಿನ್ನುವುದಿರಲಿ, ನೀರು ಕುಡಿಯುವುದಕ್ಕೂ ನಿಷೇಧವುಂಟು, ತಪ್ಪಿದರೆ 500 ಡಾಲರಿನವರೆಗೆ ದಂಡ. ಆದುದರಿಂದ ಹತ್ತುವ ಮೊದಲೇ ಕುಡಿಸಿ ತಿನ್ನಿಸಿ ಹತ್ತಿಸಬೇಕು. ಮಗು ತಪ್ಪಿಸಿಕೊಳ್ಳುವ ಭಯಕ್ಕೆ ನಾವು ಮಾಡಿಕೊಂಡ ಏರ್ಪಾಡು ಸರಳವಾದುದು. ಒಂದೊಂದು ಮಗುವಿಗೆ ಒಂದೊಂದು ಹೊತ್ತಿನಲ್ಲಿ ಒಬ್ಬರೇ ಹೊಣೆಗಾರರು; 'ಎಲ್ಲರೂ ನೋಡಿಕೊಳ್ಳುತ್ತಿದ್ದೇವೆ' ಎಂಬಾಗಲೇ ಯಾರೂ ನೋಡಿಕೊಳ್ಳುತ್ತಿರುವುದಿಲ್ಲ. ಹೋಟೆಲಿನ ವಿಳಾಸ ಮತ್ತು ದೂರವಾಣಿಯ ಸಂಖ್ಯೆಯ ಚೀಟಿ ಇಬ್ಬರ ಜೇಬಿನಲ್ಲಿಯೂ ಇತ್ತು. ಮೊಮ್ಮಗಳಿಗೆ ಎರಡು ಮಾತನ್ನು ಪಾಠಮಾಡಿಸಿದ್ದೆವು: ನಾವು ಕಾಣದಿದ್ದರೆ ನಿಂತಲ್ಲಿಯೇ ನಿಲ್ಲು, ರೈಲಿನ ಬಾಗಿಲು ಮುಚ್ಚಿ ನೀನೊಬ್ಬಳೇ ಒಳಗೆ ಉಳಿದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲಿಯೇ ನಿಂತಿರು, ಹಿಂದಿನ ರೈಲಿನಲ್ಲಿ ಬರುತ್ತೇವೆ. ಊಟದ ಮೇಜಿನ ಕೆಳಗೆ ಅಕ್ಕತಮ್ಮಂದಿರ ಆಟದಂತೆ ಇದನ್ನು ಹತ್ತು ಸಲ ಆಡಿ ಕಲಿತಳು, ಪ್ರಸಂಗ ಒದಗಲಿಲ್ಲ.

ಗಡಿಯಾರದ ವಿಷಯದಲ್ಲಿ ನಾವು ಮಕ್ಕಳನ್ನು ಬಲವಂತಪಡಿಸಲಿಲ್ಲ. ಇಲ್ಲಿ ರಾತ್ರಿ ಎಂಟೂವರೆಗೆ ಮಲಗುವ ಮಗುವಿಗೆ ಅಲ್ಲಿ ಹನ್ನೊಂದು ಗಂಟೆಗೆ ನಿದ್ದೆ ಬರುತ್ತದೆ; ಬೆಳಿಗ್ಗೆ ಅದಕ್ಕೆ ತಕ್ಕಂತೆ ತಡವಾಗಿ ಏಳುತ್ತದೆ. ಐದು ದಿನಕ್ಕಾಗಿ ಇದನ್ನು ತಿದ್ದುವುದೇಕೆ? ಭೂಮಧ್ಯರೇಖೆಯ ಸಮೀಪದ ಊರಾದ್ದರಿಂದ ಅಲ್ಲಿ ವರ್ಷವಿಡೀ ಸುಮಾರು ಏಳಕ್ಕೆ ಬೆಳಗು, ಏಳಕ್ಕೆ ಬೈಗು. ಸಮುದ್ರತೀರದ ಗಾರ್ಡನ್ಸ್ ಬೈ ದ ಬೇ ಎಂಬ ಉದ್ಯಾನದಲ್ಲಿ 25ರಿಂದ 50 ಮೀಟರಿನವರೆಗೆ ಎತ್ತರದ ಲೋಹದ ಮಹಾವೃಕ್ಷಗಳು ರಾತ್ರಿ 7.45ಕ್ಕೆ ದೀಪಗಳಿಂದ ಬೆಳಗಿ ಹಾಡುತ್ತವೆ, ಅದನ್ನು ನೋಡಲು ಹಣ ಕೊಡಬೇಕಾಗಿಲ್ಲ. ನಮ್ಮ ಮಕ್ಕಳ ಮೈಗೆ ಅದಿನ್ನೂ ಸಂಜೆಯ ಐದೂಕಾಲು ಗಂಟೆ. ಹುಲ್ಲಿನ ಮೇಲೆ ಅಂಗಾತ ಮಲಗಿ ನೋಡಿದರು.

ಹೆಸರಾಂತ ತಾಣಗಳಿಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಸೆಳೆದದ್ದು ಅಲ್ಲಿನ ಸಸ್ಯೋದ್ಯಾನ. 1859ರಲ್ಲಿ ಸ್ಥಾಪಿತವಾಗಿ 2015ರಲ್ಲಿ ವಿಶ್ವಪರಂಪರೆಯ ತಾಣವೆಂದು ಯುನೆಸ್ಕೋದಿಂದ ಗೌರವ ಪಡೆದ ಆ ತೋಟಕ್ಕೆ ಪ್ರವೇಶಶುಲ್ಕವಿಲ್ಲ. ಅದರೊಳಗೆ ಜೇಕಬ್ ಬ್ಯಾಲಸ್ ಎಂಬವರ ಹೆಸರಿನ ಮಕ್ಕಳ ತೋಟವೊಂದುಂಟು. 2007ರಲ್ಲಿ ತೆರೆದದ್ದು, ಈಗ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗಾಗಿ. ಮಗುವಿಲ್ಲದ ದೊಡ್ಡವರಿಗೆ ಅಲ್ಲಿ ಪ್ರವೇಶವಿಲ್ಲ. ಬಾಗಿಲಲ್ಲಿ ಈ ಮಾತನ್ನು ತಿಳಿದಾಗ ಮೊಮ್ಮಗಳು ನನ್ನ ಕೈಹಿಡಿದು, "ತಾತ, ನಾನಿದೀನಲ್ಲ, ಬಾ" ಎಂದು ಒಳಗೆ ಕರೆದುಕೊಂಡು ಹೋದಳು. ಆ ಬೆಳಗನ್ನೆಲ್ಲ ಅವರಿಬ್ಬರೂ ನೀರಿನಲ್ಲಿ ನೆನೆಯುತ್ತ, ಮಣ್ಣು ಮುಟ್ಟುತ್ತ ಕಳೆದರು. ಚಿಕ್ಕವನಿಗೆ ಅಲ್ಲಿಯೂ ಇರುವೆಯ ಸಾಲು ದೊರೆಯಿತು.

ಕಾಯಿಲೆಯ ವಿಷಯ: ನಾಲ್ಕನೆಯ ದಿನ ಚಿಕ್ಕವನಿಗೆ ಮೈ ಬೆಚ್ಚಗಾಯಿತು. ಹೊರಗಿನ ಸೆಖೆಯಿಂದ ಅಂಗಡಿಗಳ ಕೊರೆಯುವ ಹವಾನಿಯಂತ್ರಣಕ್ಕೂ, ಅಲ್ಲಿಂದ ಪುನಃ ಸೆಖೆಗೂ ಹೋಗಿಬರುವುದು ಮಕ್ಕಳಿಗೆ ಒಗ್ಗದು. ಒಂದು ಸ್ವೆಟರ್ ಸದಾ ಕೈಯಲ್ಲಿರಬೇಕು. ಮೈಸೂರಿನ ನಮ್ಮ ಮಕ್ಕಳ ವೈದ್ಯರು ತೂಕಕ್ಕೆ ತಕ್ಕ ಪ್ರಮಾಣವನ್ನು ಬರೆದುಕೊಟ್ಟಿದ್ದ ಪ್ಯಾರಸಿಟಮಾಲ್ ದ್ರವ, ಓಆರ್‌ಎಸ್ ಪೊಟ್ಟಣ, ಸೊಳ್ಳೆಯ ಮುಲಾಮು ಜೊತೆಗಿದ್ದವು. ಪ್ರಯಾಣದ ವಿಮೆಯನ್ನು ಉಳಿತಾಯದ ಲೆಕ್ಕದಲ್ಲಿ ಕೈಬಿಡಬಾರದು. ಅಲ್ಲಿನ ಆಸ್ಪತ್ರೆಯ ಖರ್ಚು ನಮ್ಮ ಊರಿನಂತಲ್ಲ. ಅಂತಹ ಖರ್ಚಿಗೆ ನಾವು ನೆಚ್ಚುವ ಬ್ಯಾಂಕಿನ ಕಾರ್ಡುಗಳು ರಿಸರ್ವ್ ಬ್ಯಾಂಕಿನ 2020ರ ಕಟ್ಟಳೆಯಂತೆ ಪರದೇಶದ ಬಳಕೆಗೆ ತಾವಾಗಿ ತೆರೆದಿರುವುದಿಲ್ಲ. ಹೊರಡುವ ಮೊದಲೇ ತೆರೆದುಕೊಳ್ಳಬೇಕು. ಚಿಕ್ಕವನ ಮೈ ಬೆಚ್ಚಗಾದ ಆ ದಿನ ಎಲ್ಲಿಗೂ ಹೋಗಲಿಲ್ಲ. ಅಜ್ಜಿ ಕೋಣೆಯಲ್ಲಿ ರಾಗಿಯ ಸರಿ ಕದಡಿ ಕುಡಿಸಿದಳು, ಕಿಟಕಿಯಿಂದ ರೈಲು ಎಣಿಸಿದೆವು. ಹೊಡೆದುಹಾಕಿ ಉಳಿದ ಪಟ್ಟಿಯಲ್ಲಿ ಇನ್ನೊಂದು ಹೆಸರು ಕಡಿಮೆಯಾಯಿತೆಂದು ಯಾರಿಗೂ ಅನಿಸಲಿಲ್ಲ.

ಕೊನೆಯ ದಿನಕ್ಕೆಂದು ಉಳಿಸಿಕೊಂಡಿದ್ದದ್ದು ಮಂಡಾಯಿ ಎಂಬಲ್ಲಿರುವ ಸಿಂಗಪುರದ ಮೃಗಾಲಯ. 1973ರಲ್ಲಿ ತೆರೆದ ಈ ಉದ್ಯಾನದಲ್ಲಿ ಕಂಬಿಗಳು ಕಣ್ಣಿಗೆ ಬೀಳುವುದಿಲ್ಲ. ಕಂದಕಗಳೂ ಗಿಡಗಳೂ ನೀರೂ ಪ್ರಾಣಿಗಳನ್ನು ನಮ್ಮಿಂದ ಬೇರೆಮಾಡಿವೆ. ಮೂರು ವರ್ಷದೊಳಗಿನವರಿಗೆ ಶುಲ್ಕವಿಲ್ಲ. ಒರಾಂಗುಟಾನ್‌ಗಳು ತಲೆಯ ಮೇಲಿನ ಮರಗಳಲ್ಲಿ, ಹಗ್ಗದಿಂದ ಹಗ್ಗಕ್ಕೆ, ಆತುರವಿಲ್ಲದೆ ಸಾಗುತ್ತಿದ್ದವು. ಮೊಮ್ಮಗಳು ಕತ್ತೆತ್ತಿ ನಿಂತಳು. ಅಷ್ಟರಲ್ಲಿ ಆ ಸೀಮೆಯ ಮಳೆ ಮುನ್ಸೂಚನೆಯಿಲ್ಲದೆ ಸುರಿಯಿತು. ಜನ ಚದರಿತು, ನಾವು ಮಾಡಿನ ಕೆಳಗೆ ಸೇರಿದೆವು. ಮೇಲೆ ಒಂದು ತಾಯಿ ತನ್ನ ಮರಿಯನ್ನು ಮಡಿಲಿಗೆಳೆದುಕೊಂಡು, ದೊಡ್ಡ ಎಲೆಗಳ ಕೊಂಬೆಯೊಂದನ್ನು ತಲೆಯ ಮೇಲೆ ಹಿಡಿದು ಕೂತಿತು. ಇನ್ನೂ ನೋಡಬೇಕಾದ ಪ್ರಾಣಿಗಳು ಎಷ್ಟೋ ಇದ್ದವು. ಮಳೆ ನಿಂತ ಮೇಲೂ ಮಗು ಅಲ್ಲಿಂದ ಕದಲಲಿಲ್ಲ, ನಾವೂ ಕದಲಿಸಲಿಲ್ಲ.

ಶ್ರೀರಾಂಪುರಕ್ಕೆ ಮರಳಿದ ಮುಂದಿನ ಭಾನುವಾರ ಅವಳ ಹಟಕ್ಕೆ ಮಣಿದು ನಮ್ಮ ಮೃಗಾಲಯಕ್ಕೆ ಹೋದೆವು. ಆನೆ, ಹುಲಿ, ಜಿರಾಫೆ ಯಾವುದರ ಎದುರಿಗೂ ನಿಲ್ಲದೆ ನೇರವಾಗಿ ಒರಾಂಗುಟಾನಿನ ಆವರಣಕ್ಕೆ ನಡೆದಳು. ಅದು ದೂರದಲ್ಲಿ ಬೆನ್ನುಮಾಡಿ ಕೂತಿತ್ತು. ಅವಳು ಕಟಕಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಊರಿನಿಂದ ಬಂದವರು ಸಮಾಚಾರ ಹೇಳುವ ಧ್ವನಿಯಲ್ಲಿ ಕೂಗಿ ಹೇಳಿದಳು: "ನಿಮ್ಮೂರಲ್ಲಿ ಮಳೆ ಬಂತು. ಎಲ್ಲಾರೂ ಚೆನ್ನಾಗಿದಾರೆ."